ಟಿನ್‌ಕಪ್ ಕೆರೆಯ ಗುಂಡಿಗಣ್ಣಿನ ಮೀನು

ನಾನು ಸುಳ್ಳು ಹೇಳುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದರೆ ನಿಮಗೆ ಅನುಮಾನ ಬರಬಹುದು. ನನ್ನ ಐವತ್ತು ವರ್ಷದ ಜೀವನದಲ್ಲಿ ನಾನು ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಪೂರ್ತಿ ನಾನೇ ಹೇಳಲಿಲ್ಲ, ಅರ್ಧ ನನ್ನ ಅಂಗಡಿಯ ಗೋಡೆ ಹೇಳಿತು.

ನಮ್ಮದು ಮಿನೆಸೋಟದ ಉತ್ತರಕ್ಕಿರುವ ಗಣಿ ಊರು. ಅಲ್ಲಿ ನನ್ನದೊಂದು ಬೂಟಿನ ಅಂಗಡಿ. ಏಪ್ರಿಲ್‌ನಲ್ಲಿ ಒಂದು ಶನಿವಾರ ನನ್ನ ಹೆಂಡತಿ ಮಾರ್ಲಿಸ್ ಪಕ್ಕದೂರಿನ ಚರ್ಚಿನಲ್ಲಿ ನಡೆಯುವ ಹಳೇ ಸಾಮಾನಿನ ಮಾರಾಟದಿಂದ ಒಂದು ಮೇಜಿನ ದೀಪ ತನ್ನಿ ಎಂದು ಕಳಿಸಿದಳು. ನಾನು ಮೀನು ತಂದೆ. ತಿನ್ನುವ ಮೀನಲ್ಲ; ಒಳಗೆ ಹೊಟ್ಟು ತುಂಬಿ, ಮೇಲೆ ವಾರ್ನಿಷ್ ಬಳಿದು, ಹಲಗೆಗೆ ಬಡಿದ ಮೀನು. ಹಿತ್ತಾಳೆ ಬಣ್ಣ, ಮೈಮೇಲೆ ಉದ್ದಕ್ಕೂ ಪಟ್ಟೆ, ಯಾರಿಗೋ ಬೈಯಲು ಬಾಯಿ ತೆರೆದ ಭಂಗಿ. ಒಂದು ಕಣ್ಣು ಗಾಜಿನದು, ಇನ್ನೊಂದು ಕಣ್ಣು ಕೋಟಿನ ಕಂದು ಗುಂಡಿ. ನಾಲ್ಕು ತೂತಿನ ಗುಂಡಿ. ಕೆಳಗೆ ಹಿತ್ತಾಳೆ ತಗಡಿನ ಮೇಲೆ ಕೆತ್ತಿತ್ತು: ‘ಸ್ಮಾಲ್‌ಮೌತ್ ಬಾಸ್, 21 ಇಂಚು, ಟಿನ್‌ಕಪ್ ಕೆರೆ, 1974.’

1974ರಲ್ಲಿ ನನಗೆ ಎರಡು ವರ್ಷ. ಹಾಗಾಗಿ ಇಸವಿಯ ಮೇಲೆ ಮಾತ್ರ ಸ್ವಲ್ಪ ಕಪ್ಪು ಬೂಟ್ ಪಾಲಿಶ್ ಹಚ್ಚಿದೆ. ಅದು ಸುಳ್ಳಲ್ಲ, ಪಾಲಿಶ್.

ಸೋಮವಾರ ಅಂಗಡಿಗೆ ಬಂದ ಮೊದಲ ಗಿರಾಕಿ ಗೋಡೆ ನೋಡಿ, "ಅಬ್ಬಾ! ನೀನೇ ಹಿಡಿದಿದ್ದಾ?" ಎಂದ. ನಾನಾಗ ಅವನ ಕಾಲಿಗೆ ಬೂಟು ತೊಡಿಸಿ ದಾರ ಬಿಗಿಯಾಗಿ ಎಳೆಯುತ್ತಿದ್ದೆ. ದಾರ ಎಳೆಯುವಾಗ ಯಾರ ಬಾಯಿಂದಲಾದರೂ "ಹೂಂ" ಎಂದು ಬಂದೇ ಬರುತ್ತದೆ. ಎರಡನೆಯವನು ಕೇಳುವ ಹೊತ್ತಿಗೆ ನಾನು ದಾರ ಎಳೆಯುತ್ತಿರಲಿಲ್ಲ, ಆದರೂ ಹೂಂ ಎಂದೆ. ಐದನೆಯವನಿಗೆ ಮೀನು ಎಷ್ಟು ಹೊತ್ತು ಜಗ್ಗಾಡಿತು ಎಂದೂ ಹೇಳಿದೆ. ನಲವತ್ತು ನಿಮಿಷ.

ಸಂಜೆಯೊಳಗೆ ಸುದ್ದಿ ನನ್ನ ಮಾವನಿಗೆ ಮುಟ್ಟಿತು. ಮಾವ ರೇನೊ ಲಾಹ್ತಿ, ನಲವತ್ತು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದವರು, ಈಗ ಎಂಬತ್ತು. ನನ್ನ ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ. "ಏ ಬೂಟಿನವನೇ, ಉಪ್ಪು ಈ ಕಡೆ ಕೊಡು." ಅಷ್ಟೇ. ಮದುವೆಯ ದಿನ ಪಾದ್ರಿಗಳ ಮುಂದೆಯೂ "ಬೂಟಿನವನು ಬಂದನಾ?" ಎಂದೇ ಕೇಳಿದ್ದರು.

ಮರುದಿನ ಮಾವ ಅಂಗಡಿಗೆ ಬಂದರು. ಟೋಪಿ ತೆಗೆದು ಮೀನಿನ ಮುಂದೆ ಹತ್ತು ನಿಮಿಷ ನಿಂತರು. ಹತ್ತಿರ ಹೋಗಿ ಆ ಗುಂಡಿಗಣ್ಣನ್ನು ಬೆರಳಿಂದ ಒಂದು ಸಲ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಡನ್, ಒಳ್ಳೇ ಮೀನಪ್ಪಾ" ಎಂದರು.

ನಾನು ಗಿರಾಕಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಲ್ಡನ್! ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಹೆಸರು ಸ್ವಾಮಿ! ಅದನ್ನು ವಾಪಸು ಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಎಲ್ಲ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನಗೊಬ್ಬ ಭಾವಮೈದ ಇದ್ದಾನೆ, ವೆಂಡಲ್. ಅವನ ದೋಣಿಯಲ್ಲಿ ನೀರಿನೊಳಗಿನ ಮೀನು ತೋರಿಸುವ ಪರದೆ ಇದೆ, ಮನೆಯ ಟಿವಿಗಿಂತ ದೊಡ್ಡದು. ಜುಲೈನ ಒಂದು ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಫೋರ್ಕ್ ಕೆಳಗಿಟ್ಟು ಎದ್ದು ನಿಂತ.

"ಎಲ್ಲರೂ ಕೇಳಿ! ಟಿನ್‌ಕಪ್ ಕೆರೇಲಿ ಒಂದು ವಾರಕ್ಕೆ ಮರದ ಮನೆ ಹಿಡಿದಿದ್ದೀನಿ. ಅಪ್ಪ, ನಾವೆಲ್ಲ ಹೋಗೋದು. ಭಾವ ಜಾಗ ತೋರಿಸ್ತಾರೆ!"

ನನ್ನ ಬಾಯಲ್ಲಿದ್ದ ಆಲೂಗಡ್ಡೆ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ಮಾವ ಮಾತ್ರ ತಟ್ಟೆ ನೋಡುತ್ತಾ, "ಟಿನ್‌ಕಪ್ ಕೆರೆ" ಎಂದು ಮೆಲ್ಲಗೆ ಅಂದುಕೊಂಡರು.

ಮನೆಗೆ ಬರುವಾಗ ಕಾರಿನಲ್ಲಿ ಮಾರ್ಲಿಸ್ ಕೇಳಿದಳು, "ಈಗೇನ್ರೀ ಮಾಡ್ತೀರಾ?"

"ಏನು ಮಾಡೋದು ಅಂದ್ರೆ?"

"ನಾನು ದೀಪ ತನ್ನಿ ಅಂದಿದ್ದೆ. ನಮ್ಮನೇಲಿ ಇನ್ನೂ ದೀಪ ಇಲ್ಲ. ನನಗೆ ಗೊತ್ತಿಲ್ಲದಿರೋದು ಏನಿದೆ ಹೇಳಿ. ಅಪ್ಪನಿಗೆ ಗೊತ್ತಾದ್ರೆ ಮತ್ತೆ ಬೂಟಿನವನೇ ಆಗ್ತೀರ, ಅಷ್ಟೇ. ಈ ಸಲ ಸಾಯೋವರೆಗೂ."

ಆ ರಾತ್ರಿಯಿಂದಲೇ ನಾನು ಓದಲು ಕೂತೆ. ಪುಸ್ತಕಗಳಲ್ಲಿ ಎಲ್ಲ ಸುಲಭ. ಬೇಸಿಗೆಯಲ್ಲಿ ಸ್ಮಾಲ್‌ಮೌತ್ ಜಾತಿಯ ಮೀನು ಕಲ್ಲಿರುವ ಕಡೆ ಇರುತ್ತದೆ, ಕಲ್ಲಿನ ಪಕ್ಕ ಆಳ ಇರಬೇಕು, ಕಲ್ಲಿನ ಸಂದಿಯಲ್ಲಿ ಸಿಗಡಿ ಇರಬೇಕು, ಗಾಳಿ ಆ ಕಡೆಗೇ ಬೀಸುತ್ತಿರಬೇಕು. ನಾನು ರಬ್ಬರಿನ ಸಿಗಡಿ ಹನ್ನೆರಡು ಕೊಂಡೆ. ಮೀನು ಅಳೆಯಲು ಅಂಗಡಿಯಲ್ಲಿ ಪಾದ ಅಳೆಯುವ ಪಟ್ಟಿಯನ್ನೇ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಕೆರೆಯ ನಕ್ಷೆ ಬಿಡಿಸಿ ನೋಡಿದೆ. ಆರು ಮೈಲಿ ಉದ್ದದ ಕೆರೆ. ದಡವೆಲ್ಲ ಕಲ್ಲು, ನಡುವೆಲ್ಲ ಕಲ್ಲು, ದ್ವೀಪಗಳೂ ಕಲ್ಲು. ಕಲ್ಲಿಲ್ಲದ ಜಾಗ ಒಂದೇ, ದೋಣಿ ಕಟ್ಟುವ ಕಟ್ಟೆ. ಅದು ಸಿಮೆಂಟು.

ಮುಂದಿನ ಭಾನುವಾರ ನಾವೆಲ್ಲ ಟಿನ್‌ಕಪ್ ಕೆರೆಗೆ ಬಂದೆವು. ಅಲ್ಲಿನ ಬಾಡಿಗೆ ಮನೆಗಳ ಒಡತಿ ಐಲಿ ಎಂಬ ಅಜ್ಜಿ. ಕೈಗೆ ಬೀಗದಕೈ ಕೊಡುವ ಮೊದಲು ಅವಳದೊಂದು ಪದ್ಧತಿ. ಬಂದ ಪ್ರತಿಯೊಬ್ಬರ ಬಲಗೈ ಹಿಡಿದು ಹೆಬ್ಬೆರಳು ನೋಡುತ್ತಾಳೆ. ಸ್ಮಾಲ್‌ಮೌತ್ ಹಿಡಿಯುವವರು ಅದರ ಕೆಳದವಡೆಗೆ ಹೆಬ್ಬೆರಳಿಟ್ಟು ಎತ್ತುತ್ತಾರೆ. ಅದರ ಹಲ್ಲು ಉಪ್ಪುಕಾಗದದ ಹಾಗೆ. ಹಾಗಾಗಿ ನಿಜವಾಗಿ ಹಿಡಿದವನ ಹೆಬ್ಬೆರಳು ಬೇಸಿಗೆಯಿಡೀ ತರಿತರಿಯಾಗಿ, ಸಿಪ್ಪೆ ಎದ್ದು ಕೆಂಪಗಿರುತ್ತದೆ.

ಅಜ್ಜಿ ನನ್ನ ಹೆಬ್ಬೆರಳು ಸವರಿದಳು. ಇನ್ನೊಂದು ಸಲ ಸವರಿದಳು. ಕನ್ನಡಕ ಹಾಕಿಕೊಂಡು ನೋಡಿದಳು.

"ಬೆಣ್ಣೆ" ಎಂದಳು.

"ಇಪ್ಪತ್ತೊಂದು ಇಂಚಿನ ಮೀನು ಹಿಡಿದೋರು ಕಣಜ್ಜಿ ನಮ್ಮ ಭಾವ! ನಿಮ್ಮ ಕೆರೇಲೇ!" ಎಂದ ವೆಂಡಲ್. ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ ಅಕ್ಕಪಕ್ಕದ ಮನೆಗಳವರೆಲ್ಲ ಲೋಟ ಕೆಳಗಿಟ್ಟರು.

"ಈ ಬೆರಳಿಂದಾ?" ಎಂದಳು ಅಜ್ಜಿ.

"ನಾನು... ಕೈಗವಸು ಹಾಕ್ಕೊಂಡು ಹಿಡೀತೀನಿ" ಎಂದೆ.

ವೆಂಡಲ್ ತೊಡೆ ತಟ್ಟಿಕೊಂಡ. "ನೋಡಿದ್ರಾ! ಹೆಬ್ಬೆರಳಿನ ಗುರುತೂ ಸಿಗಬಾರದು ಅಂತ ಕೈಗವಸು! ಇದು ಕಣ್ರೀ ಮೀನುಗಾರ ಅಂದ್ರೆ!"

ಆವತ್ತು ಸಂಜೆ ಸೌನಾ ಎಂಬ ಹಬೆಮನೆಯಲ್ಲಿ ಬಿಸಿಗಲ್ಲಿನ ಮೇಲೆ ನೀರು ಸುರಿಯುತ್ತಾ, ವೆಂಡಲ್ ಒಬ್ಬನೇ ಇದ್ದಾಗ ನಿಜ ಹೇಳಿಬಿಟ್ಟೆ.

"ನೋಡು ವೆಂಡಲ್, ನಾನು ಈ ಕೆರೆ ಮುಖಾನೇ ನೋಡಿಲ್ಲ. ಇವತ್ತೇ ಮೊದಲು. ದೇವರಾಣೆ."

ವೆಂಡಲ್ ಬೆವರು ಒರೆಸಿಕೊಂಡು ನನ್ನನ್ನೇ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ನಮ್ಮ ಕಡೆಯ ಜನ ಕೇಳಿದರೆ ಕಿಡ್ನಿ ಕೊಡುತ್ತಾರೆ, ಮೀನಿನ ಜಾಗ ಮಾತ್ರ ಹೆತ್ತ ತಾಯಿಗೂ ಹೇಳುವುದಿಲ್ಲ.

"ಭಾವ" ಎಂದ. "ದೇವರಾಣೆ ಬೇರೆ ಹಾಕಿದ್ರಲ್ಲ! ನಾನು ಬಹಳ ಜನ ದೊಡ್ಡ ದೊಡ್ಡ ಮೀನುಗಾರರನ್ನ ನೋಡಿದ್ದೀನಿ. ಒಬ್ಬರೂ ಈ ಮಟ್ಟಕ್ಕೆ ಹೋಗಿಲ್ಲ."

ಮರುದಿನ ಬೆಳಿಗ್ಗೆ ನಾನು ದೋಣಿ ಬಿಟ್ಟರೆ ಹಿಂದೆ ಏಳು ದೋಣಿ. ನಾನು ಎಡಕ್ಕೆ ತಿರುಗಿದರೆ ಅವೂ ಎಡಕ್ಕೆ. ನಾನು ನಿಂತರೆ ಅವೂ ನಿಂತು, ಎಲ್ಲರೂ ಆಕಾಶ ನೋಡುತ್ತಾ ಮೋಡದ ವಿಷಯ ಮಾತಾಡುತ್ತಿದ್ದರು. ಎರಡು ದೊಡ್ಡ ಲೋಟ ಕಾಫಿ ಕುಡಿದಿದ್ದ ನನಗೆ ಬೇರೆ ಅವಸರವಿತ್ತು. ಒಂದು ದ್ವೀಪದ ಹಿಂದೆ ಹೋಗಿ, ಪೊದೆ ಹುಡುಕಿ, ಹಗುರಾಗಿ ಬಂದೆ. ಸಂಜೆವರೆಗೂ ಆ ಏಳು ದೋಣಿ ಆ ಪೊದೆಯ ಸುತ್ತ ಗಾಳ ಎಸೆಯುತ್ತಿದ್ದವು. ಮಂಗಳವಾರ ನನ್ನ ಟೋಪಿ ಹಾರಿ ಕೆಸರಿನ ಕೊಲ್ಲಿಗೆ ಬಿತ್ತು, ಅದನ್ನು ತರಲು ಹೋದೆ. ಬುಧವಾರ ಅಲ್ಲಿ ಒಂಬತ್ತು ದೋಣಿ. ಯಾರಿಗೂ ಒಂದು ಮೀನು ಸಿಗಲಿಲ್ಲ. ಸಿಗದಷ್ಟೂ ನನ್ನ ಮೇಲಿನ ಗೌರವ ಹೆಚ್ಚಿತು.

"ಎಷ್ಟು ಚೆನ್ನಾಗಿ ದಾರಿ ತಪ್ಪಿಸ್ತಾನೆ ನೋಡು ಆಸಾಮಿ!" ಎಂದು ಪಕ್ಕದ ಮನೆಯವನು ಹೆಂಡತಿಗೆ ಹೇಳಿದ್ದು ನನಗೇ ಕೇಳಿಸಿತು.

ಗುರುವಾರ ಮೀನು ಇಲಾಖೆಯ ಅಧಿಕಾರಿ ದೋಣಿಯಲ್ಲಿ ಬಂದು ನನ್ನನ್ನು ನಿಲ್ಲಿಸಿದ. ಲೈಸೆನ್ಸ್ ನೋಡಿದ, ತೇಲುಜಾಕೀಟು ಎಣಿಸಿದ, ಖಾಲಿ ಮೀನಿನ ಡಬ್ಬಿಯೊಳಗೆ ಬಗ್ಗಿ ನೋಡಿದ. ಆಮೇಲೆ ತನ್ನ ಮೋಟಾರು ಆರಿಸಿ, ಟೋಪಿ ತೆಗೆದು, ದನಿ ಇಳಿಸಿದ.

"ಸಾರ್, ನಾನು ಈ ಕೆರೇಲಿ ಹದಿನೈದು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಇಪ್ಪತ್ತೊಂದು ಇಂಚಿಂದು ನಾನು ಕಂಡಿಲ್ಲ. ನನಗೊಬ್ಬನಿಗೆ ಹೇಳಿ. ಸರ್ಕಾರಕ್ಕೆ ತಿಳಿಸಲ್ಲ."

"ನನಗೆ ಗೊತ್ತಿಲ್ಲ ಸಾರ್, ನಿಜವಾಗ್ಲೂ."

ಅವನು ನೆಟ್ಟಗೆ ನಿಂತು ನನಗೊಂದು ಸೆಲ್ಯೂಟ್ ಹೊಡೆದು ಹೋದ.

ಶುಕ್ರವಾರ ರಾತ್ರಿ ಊಟವಾದ ಮೇಲೆ ಮಾವ ನನ್ನ ಭುಜದ ಮೇಲೆ ಕೈಯಿಟ್ಟರು. ವಾರವಿಡೀ ಅವರು ದಡದ ಬೆಂಚಿನ ಮೇಲೆ ಕೂತು ಕೆರೆಯನ್ನು ನೋಡುತ್ತಿದ್ದರು, ಅಷ್ಟೇ. ದೋಣಿ ಹತ್ತಿರಲಿಲ್ಲ.

"ಎಲ್ಡನ್. ನಾಳೆ ಕಡೇ ದಿನ. ಬೆಳಿಗ್ಗೆ ಐದಕ್ಕೆ ನೀನು, ನಾನು, ಇಬ್ಬರೇ. ಆ ಜಾಗಕ್ಕೆ ಕರ್ಕೊಂಡು ಹೋಗಪ್ಪಾ."

"ಆಗಲಿ ಮಾವ" ಎಂದೆ. ಬೇರೆ ಏನು ಹೇಳಲಿ? ಮಾರ್ಲಿಸ್ ಪಾತ್ರೆ ತೊಳೆಯುತ್ತಾ ತಿರುಗಿ ನೋಡಿ, ತಲೆ ಅಲ್ಲಾಡಿಸಿ, ಮತ್ತೆ ಪಾತ್ರೆಯ ಕಡೆ ತಿರುಗಿದಳು.

ಬೆಳಿಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು. ಹಿಂದೆ ಒಂದು ದೋಣಿಯೂ ಇಲ್ಲ. ಮಾವ ಮುಂದೆ ಕೂತಿದ್ದರು, ನಾನು ಹಿಂದೆ ಮೋಟಾರು ಹಿಡಿದಿದ್ದೆ. ಕೆರೆಯ ನಡುವಿಗೆ ಹೋದ ಮೇಲೆ ನಿಜ ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ. ದಡದಲ್ಲಿ ಹೇಳಿದರೆ ಅವರು ಎದ್ದು ಹೋಗಬಹುದು, ನೀರಿನಲ್ಲಿ ಎಲ್ಲಿಗೆ ಹೋಗುತ್ತಾರೆ? "ಮಾವ, ಒಂದು ವಿಷಯ" ಎಂದು ಬಾಯಿ ತೆರೆದೆ.

ಧಡಾರ್!

ದೋಣಿ ಅರ್ಧ ಎದ್ದು ನಿಂತು, ಕಿರ್ರೆಂದು, ಹಾಗೇ ಕೂತಿತು. ಮೋಟಾರು ಒಂದು ಸಲ ಕಿರುಚಿ ಆರಿತು. ನಾನು ಕಾಲು ಮೇಲಾಗಿ ಮೀನಿನ ಡಬ್ಬಿಯೊಳಗೆ ಬಿದ್ದಿದ್ದೆ. ನೀರಿನಿಂದ ಒಂದು ಗೇಣು ಕೆಳಗೆ, ದನದ ಬೆನ್ನಿನಷ್ಟು ಅಗಲದ ಬಂಡೆ. ಅದರ ಮೇಲೆ ನಾವು.

"ಇದೇನಾ ಜಾಗ?" ಎಂದು ಕೇಳಿದರು ಮಾವ, ಏನೂ ಆಗದವರಂತೆ.

"ಅಲ್ಲ ಮಾವ" ಎಂದೆ, ಡಬ್ಬಿಯೊಳಗಿಂದಲೇ. "ಜಾಗಾನೇ ಇಲ್ಲ. ನಾನು ಆ ಮೀನು ಹಿಡೀಲಿಲ್ಲ. ನಾನು ಯಾವ ಮೀನೂ ಹಿಡಿದಿಲ್ಲ. ಚರ್ಚಿನ ಹಳೇ ಸಾಮಾನಿನಲ್ಲಿ ಕೊಂಡೆ. ನೀವು ಹೆಸರು ಹಿಡಿದು ಕರೆದ್ರಲ್ಲ, ಆಸೆಯಾಯ್ತು, ಸುಮ್ಮನಿದ್ದೆ. ಈಗ ಬೂಟಿನವನು ಅನ್ನಿ, ಏನಾದ್ರೂ ಅನ್ನಿ. ನಾನು ಮೋಸ ಮಾಡಿದೆ."

ಮಾವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದಾರೆ!

"ಗೊತ್ತು ಕಣೋ! ನಿನ್ನ ಅಂಗಡಿಗೆ ಕಾಲಿಟ್ಟ ದಿನಾನೇ ಗೊತ್ತು! ಆ ಗುಂಡಿ ನನ್ನ ಕೋಟಿಂದು!"

"ಆಂ?"

"ಆ ಮೀನು ನಮ್ಮನೇಲಿತ್ತು. ಗಾಜಿನ ಕಣ್ಣು ಬಿದ್ದು ಹೋಯ್ತು ಅಂತ ನಾನೇ ಗುಂಡಿ ಅಂಟಿಸಿದೆ. ಮಾರ್ಲಿಸ್ ಮಗುವಾಗಿದ್ದಾಗ ಅದನ್ನ ನೋಡಿದ್ರೆ ಸಾಕು, ಕಿಟಾರ್ ಅಂತ ಕಿರುಚೋಳು. ಅವಳಮ್ಮ ತಗೊಂಡು ಹೋಗಿ ಚರ್ಚಿಗೆ ಕೊಟ್ಟುಬಿಟ್ಟಳು. ಅಲ್ಲಿಂದ ಎಷ್ಟು ಮನೆ ಸುತ್ತಿತೋ."

ನನಗೆ ನಾಚಿಕೆ ಇನ್ನಷ್ಟಾಯಿತು. "ಹಾಗಾದ್ರೆ ಅದನ್ನ ಹಿಡಿದಿದ್ದು ನೀವು! ಈ ಕೆರೇಲಿ!"

ಮಾವನ ನಗು ನಿಂತಿತು. ಮಂಜಿನ ಕಡೆ ಒಂದು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಕಟಿಂಗ್ ಅಂಗಡಿಯವನ ಹತ್ತಿರ ಕೊಂಡೆ" ಎಂದರು.

ನಾನು ಡಬ್ಬಿಯೊಳಗಿಂದ ಎದ್ದು ಅವರ ಎದುರು ಕೂತೆ.

"ಐವತ್ತು ವರ್ಷ ಆಯ್ತು ಎಲ್ಡನ್. ಗಣಿಯೋರಿಗೆಲ್ಲ, ಬಾರಿನಲ್ಲಿ ಕೂತೋರಿಗೆಲ್ಲ ಈ ಕೆರೆ ಕಥೆ ಹೇಳಿದ್ದೀನಿ. ಹೀಗೆ ಎಳೆದೆ, ಹಾಗೆ ಹಾರಿತು ಅಂತ. ಮಕ್ಕಳಿಗೆ ಮಾತ್ರ ಹೇಳಿಲ್ಲ. ಕೆರೆ ಎಲ್ಲಿದೆ ಅಂತಾನೂ ನನಗೆ ಗೊತ್ತಿರಲಿಲ್ಲ. ಸಾಯೋ ಮೊದಲು ಒಂದು ಸಲ ನೋಡ್ಬೇಕು ಅನ್ನಿಸ್ತಿತ್ತು. ವೆಂಡಲ್ ಈ ಕೆರೆ ಹೆಸರು ಎತ್ತಿದಾಗ ನನ್ನ ಎದೆ ಹೊಡ್ಕೊಂಡಿದ್ದು ನನಗೇ ಗೊತ್ತು."

"ನಾನು ಸುಳ್ಳುಗಾರ ಅಂತ ಗೊತ್ತಿದ್ದೂ ಹೆಸರು ಹಿಡಿದು ಕರೆದ್ರಲ್ಲ ಮಾವ, ಯಾಕೆ?"

"ಹತ್ತೊಂಬತ್ತು ವರ್ಷ ನಿನ್ನ ಬಾಯಲ್ಲಿ ಬೂಟಿನ ನಂಬರ್ ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಮೀನಿನ ವಿಷಯದಲ್ಲಿ ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ಯಲ್ಲ, ಆಗ ಅನ್ನಿಸ್ತು, ಪರವಾಗಿಲ್ಲ, ಇವನು ನಮ್ಮೋನೇ ಅಂತ."

ನಾನು ಏನಾದರೂ ಹೇಳಬೇಕೆಂದು ಹೊರಟೆ. ಅಷ್ಟರಲ್ಲಿ ನನ್ನ ಗಾಳದ ಕೋಲು ದೋಣಿಯಿಂದ ಎದ್ದು ಹೊರಟಿತು. ಬಂಡೆಗೆ ಬಡಿದಾಗ ಅದರ ರಬ್ಬರ್ ಸಿಗಡಿ ಪಕ್ಕಕ್ಕೆ ಬಿದ್ದು, ಅಲೆಯ ಜೊತೆ ಬಂಡೆಯ ಅಂಚಿನಲ್ಲಿ ಕುಣಿಯುತ್ತಿದ್ದಿರಬೇಕು. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಆಳ, ಗಾಳಿಯೂ ಆ ಕಡೆಗೇ. ಪುಸ್ತಕದಲ್ಲಿದ್ದ ಹಾಗೇ, ಚಾಚೂ ತಪ್ಪದೆ!

"ಹಿಡಿಯೋ! ಹಿಡಿಯೋ!" ಎಂದು ಮಾವ ಎದ್ದು ನಿಂತರು.

ನಾನು ಕೋಲಿನ ಬುಡ ಹಿಡಿದೆ, ಮಾವ ಮೇಲೆ ಹಿಡಿದರು. ನಾನು ರೀಲನ್ನು ಹಿಂದಕ್ಕೆ ಸುತ್ತಿದೆ, ಅವರು ನನ್ನ ಕೈಗೆ ಹೊಡೆದು ಮುಂದಕ್ಕೆ ಸುತ್ತಿಸಿದರು. ಹತ್ತು ಮಾರು ಆಚೆ ನೀರು ಒಡೆದು ಮೀನು ಮೇಲೆ ಹಾರಿತು. ಹಿತ್ತಾಳೆ ಬಣ್ಣ, ಕೆಂಡದಂಥ ಕೆಂಪು ಕಣ್ಣು. ಎರಡೂ ನಿಜವಾದ ಕಣ್ಣು!

"ದೇವರೇ! ನಾನು ಬಾರಿನಲ್ಲಿ ಹೇಳಿದ ಹಾಗೇ ಹಾರ್ತಿದೆ!" ಎಂದು ಮಾವ ಕೂಗಿದರು.

ನಲವತ್ತು ನಿಮಿಷವೇನೂ ಆಗಲಿಲ್ಲ. ನಾಲ್ಕು ನಿಮಿಷ ಆಗಿರಬಹುದು. ದೋಣಿಯ ಪಕ್ಕಕ್ಕೆ ಬಂದಾಗ ಮಾವ, "ಹೆಬ್ಬೆರಳು! ಬಾಯೊಳಗೆ ಹಾಕು! ಗಟ್ಟಿಯಾಗಿ!" ಎಂದರು. ಹಾಕಿದೆ. ಮೀನು ತಲೆ ಕೊಡವಿತು, ನನ್ನ ಚರ್ಮ ಹರಿಯಿತು, ನಾನು ಅಯ್ಯಯ್ಯೋ ಎಂದು ಕಿರುಚಿದೆ, ಆದರೂ ಬಿಡಲಿಲ್ಲ.

ಚೀಲದಿಂದ ಪಾದದ ಪಟ್ಟಿ ತೆಗೆದು ಅದರ ಮೇಲೆ ಮಲಗಿಸಿದೆವು. ಗಂಡಸರ ಹತ್ತನೇ ನಂಬರ್ ದಾಟಿತು. ಹನ್ನೆರಡು ದಾಟಿತು. ಹದಿನಾರಕ್ಕೆ ಪಟ್ಟಿ ಮುಗಿಯಿತು, ಮೀನು ಇನ್ನೂ ಇತ್ತು.

"ಎಷ್ಟಿರಬಹುದು ಮಾವ?"

"ಈ ನಂಬರಿನ ಬೂಟು ನಿನ್ನ ಅಂಗಡೀಲಿ ಇಲ್ಲ" ಎಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಅದರ ಬೆನ್ನಿನ ಮೇಲೆ ಒಂದು ಸಲ ಕೈಯಾಡಿಸಿದರು. "ಬಿಟ್ಟುಬಿಡು ಎಲ್ಡನ್. ತಗೊಂಡು ಹೋದ್ರೆ ಯಾವನೋ ಹೊಟ್ಟು ತುಂಬ್ತಾನೆ, ಇನ್ಯಾವನೋ ಗುಂಡಿ ಅಂಟಿಸ್ತಾನೆ."

ಬಿಟ್ಟೆ. ಬಾಲ ಒಂದು ಸಲ ನನ್ನ ಮುಖಕ್ಕೆ ನೀರು ಎರಚಿ ಮರೆಯಾಯಿತು.

ಆಮೇಲೆ ಇಬ್ಬರೂ ಆ ಕಡೆ ಈ ಕಡೆ ತೂಗಾಡಿ ದೋಣಿಯನ್ನು ಬಂಡೆಯಿಂದ ಇಳಿಸಿದೆವು. ಮೋಟಾರಿನ ರೆಕ್ಕೆ ಮುರಿದಿತ್ತು. ಗಾಳಿ ನಮ್ಮನ್ನು ಎರಡು ಮೈಲಿ ತಳ್ಳಿಕೊಂಡು ಹೋಗಿ ಯಾವುದೋ ಜೊಂಡಿನಲ್ಲಿ ಸಿಕ್ಕಿಸಿತು. ಹತ್ತು ಗಂಟೆಗೆ ವೆಂಡಲ್ ಹುಡುಕಿಕೊಂಡು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ನಾನು ಅಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ: ಗೋಡೆಯ ಮೀನು ಕೊಂಡದ್ದು, ಕೆರೆ ಗೊತ್ತಿಲ್ಲದ್ದು, ಬಂಡೆಗೆ ಗುದ್ದಿದ್ದು. ಮಾವನ ಕಟಿಂಗ್ ಅಂಗಡಿಯ ವಿಷಯ ಮಾತ್ರ ಹೇಳಲಿಲ್ಲ. ಅದು ನನ್ನ ಸ್ವತ್ತಲ್ಲ.

"ಆದ್ರೆ ಇವತ್ತು ನಿಜವಾಗ್ಲೂ ಒಂದು ಹಿಡಿದ್ವಿ. ದೊಡ್ಡದು. ಪಾದದ ಪಟ್ಟಿ ಸಾಲಲಿಲ್ಲ. ಬಿಟ್ಟುಬಿಟ್ವಿ" ಎಂದೆ.

ಕಟ್ಟೆಯೇ ಅದುರುವಂತೆ ನಕ್ಕರು. "ಬಿಟ್ಟುಬಿಟ್ರಂತೆ!" "ಅಳತೆ ಎಷ್ಟಂತೆ?" "ಪಟ್ಟಿ ಸಾಲಲಿಲ್ವಂತೆ!" ಪೊದೆಯ ಸುತ್ತ ಒಂದು ದಿನವಿಡೀ ಗಾಳ ಎಸೆದ ಪಕ್ಕದ ಮನೆಯವನಂತೂ ನಗುತ್ತಾ ನಗುತ್ತಾ ನೀರಿಗೆ ಬೀಳುವುದರಲ್ಲಿದ್ದ. ವೆಂಡಲ್ ಮಾತ್ರ ನಗಲಿಲ್ಲ. "ಛೇ, ಭಾವ" ಎಂದು ಮುಖ ತಿರುಗಿಸಿದ. ಮಾವ "ನಾನೂ ನೋಡಿದೆ" ಎಂದರೆ, "ನೀವು ಸುಮ್ಮನಿರಿ ಅಪ್ಪ, ಅಳಿಯನ ಮರ್ಯಾದೆ ಉಳಿಸೋಕೆ ಏನೇನೋ ಹೇಳ್ಬೇಡಿ" ಎಂದ.

ಗಂಟುಮೂಟೆ ಕಟ್ಟಿ, ಬೀಗದಕೈ ವಾಪಸು ಕೊಡಲು ಹೋದೆವು. ಐಲಿ ಅಜ್ಜಿ ಕೈ ಚಾಚಿದಳು. ಬೀಗದಕೈ ತೆಗೆದುಕೊಂಡವಳು ನನ್ನ ಕೈ ಬಿಡಲಿಲ್ಲ. ಹೆಬ್ಬೆರಳು ತಿರುಗಿಸಿ ನೋಡಿದಳು. ತರಿತರಿಯಾಗಿ, ಸಿಪ್ಪೆ ಎದ್ದು, ಬುಡದವರೆಗೂ ಕೆಂಪು. ಕನ್ನಡಕ ಹಾಕಿಕೊಳ್ಳುವ ಅಗತ್ಯ ಅವಳಿಗೆ ಬೀಳಲಿಲ್ಲ. ಕಟ್ಟೆಯ ಮೇಲೆ ಇನ್ನೂ ನಗುತ್ತಿದ್ದವರ ಕಡೆ ತಿರುಗಿ, "ಏ, ಬಾಯಿ ಮುಚ್ಚಿ" ಎಂದಳು. "ಇಪ್ಪತ್ತರ ಮೇಲಿತ್ತು. ನಲವತ್ತು ವರ್ಷದಿಂದ ಬೆರಳು ನೋಡ್ತಿದ್ದೀನಿ, ಬೆರಳು ಸುಳ್ಳು ಹೇಳಲ್ಲ."

ಪಕ್ಕದ ಮನೆಯವನು ತನ್ನ ಹೆಬ್ಬೆರಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಕಾರಿನಲ್ಲಿ ಮಾರ್ಲಿಸ್ ನನ್ನ ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಮಾವ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹತ್ತು ಮೈಲಿ ದಾಟಿದ ಮೇಲೆ ಕಾರು ಓಡಿಸುತ್ತಿದ್ದ ವೆಂಡಲ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ಬಹಳ ನಯವಾಗಿ ಕೇಳಿದ.

"ಭಾವ, ಆ ಬಂಡೆ ಸರಿಯಾಗಿ ಎಲ್ಲಿ ಬರುತ್ತೆ?"

"ಯಾವ ಬಂಡೆನಪ್ಪಾ?" ಎಂದೆ. "ನಾನು ಆ ಕೆರೆ ಮುಖಾನೇ ನೋಡಿಲ್ಲ."

ಮಾವ ಕಣ್ಣು ಬಿಡಲಿಲ್ಲ.

"ಹೌದು ವೆಂಡಲ್" ಎಂದರು. "ನಮ್ಮ ಎಲ್ಡನ್ ಸುಳ್ಳು ಹೇಳೋನಲ್ಲ."